ದಲಿತ ಸ್ತ್ರೀವಾದ, ಲಿಂಗವೈವಿಧ್ಯ ಮತ್ತು ಮಾಧ್ಯಮ: ಕರ್ನಾಟಕದ ಅಧ್ಯಯನಗಳು

ಜಾತಿ, ಲಿಂಗ ಮತ್ತು ಲೈಂಗಿಕತೆಯ ಅಧಿಕಾರ ಒಂದೇ ಬದುಕಿನ ಮೇಲೆ ಒಟ್ಟಿಗೆ ಹೇಗೆ ಎರಗುತ್ತದೆ, ಆ ಬದುಕನ್ನು ಪತ್ರಿಕೆ, ಸಿನಿಮಾ, ರಂಗಭೂಮಿ, ಟಿವಿಗಳು ಹೇಗೆ ತೋರಿಸುತ್ತವೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ಕ್ಷೇತ್ರ. ಅಮೆರಿಕದ ಕಪ್ಪು ಸ್ತ್ರೀವಾದದಿಂದ ಇದಕ್ಕೆ ಹಲವು ಪರಿಕಲ್ಪನೆಗಳು ಬಂದಿವೆ. ಆದರೆ ಕರ್ನಾಟಕದಲ್ಲಿ ಇದರ ವಸ್ತು ಇಲ್ಲಿನದೇ: ದೇವದಾಸಿ ಪದ್ಧತಿ, ಎಲ್ಲಮ್ಮ, ಹುಲಿಗೆಮ್ಮ ದೇವಿಯರ ಜೋಗತಿ ಜೋಗಪ್ಪಂದಿರು, ದಲಿತ ಚಳವಳಿ, ನಗರದ ಹಿಜ್ರಾ ಮತ್ತು ಕೋತಿ (ಗಂಡಾಗಿ ಹುಟ್ಟಿ ಹೆಣ್ಣಿನ ನಡೆನುಡಿಯಿರುವವರು) ಸಮುದಾಯಗಳು. ಇವರನ್ನು ಒಂದು ಕಡೆ ‘ಮಹಿಳಾ ಸಮಸ್ಯೆ’, ಇನ್ನೊಂದು ಕಡೆ ‘ದಲಿತ ಸಮಸ್ಯೆ’, ಮತ್ತೊಂದು ಕಡೆ ‘ಲೈಂಗಿಕ ಅಲ್ಪಸಂಖ್ಯಾತರ ಸಮಸ್ಯೆ’ ಎಂದು ಹಂಚಿ ನೋಡಿದ ಬರಹಗಳೇ ಬಹಳ ಕಾಲ ಹೆಚ್ಚಾಗಿದ್ದವು. ಹಾಗೆ ಹಂಚಿದಾಗ ಮೂರೂ ಆಗಿರುವ ಮನುಷ್ಯರು ಯಾವ ಲೆಕ್ಕಕ್ಕೂ ಸಿಗದೆ ಹೋದರು.

ಹಿನ್ನೆಲೆ

ಬಾಸ್ಟನ್ ನಗರದಲ್ಲಿ 1974ರಲ್ಲಿ ರೂಪುಗೊಂಡ ಕೊಂಬಾಹೀ ರಿವರ್ ಕಲೆಕ್ಟಿವ್ ಕಪ್ಪು ಸಲಿಂಗಪ್ರೇಮಿ ಸ್ತ್ರೀವಾದಿಗಳ ಗುಂಪು. ಬಾರ್ಬರಾ ಸ್ಮಿತ್, ಬೆವರ್ಲಿ ಸ್ಮಿತ್, ಡೆಮಿಟಾ ಫ್ರೇಜಿಯರ್ ಸೇರಿ 1977ರಲ್ಲಿ ಬರೆದ ಅದರ ಹೇಳಿಕೆ, ಜನಾಂಗ, ವರ್ಗ, ಲಿಂಗಗಳ ದಬ್ಬಾಳಿಕೆಯನ್ನು ಬಿಡಿಬಿಡಿಯಾಗಿ ಎದುರಿಸಲು ಬರುವುದಿಲ್ಲ ಎಂದು ವಾದಿಸಿತು. 1989ರಲ್ಲಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ಇದಕ್ಕೆ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಹೆಸರು ಕೊಟ್ಟರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು 1976ರ ಜನರಲ್ ಮೋಟರ್ಸ್ ಮೊಕದ್ದಮೆ. 1964ಕ್ಕೂ ಮುಂಚೆ ಆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ಸೇವಾ ಹಿರಿತನ ನೋಡಿ ಕೆಲಸಗಾರರನ್ನು ತೆಗೆದಾಗ ಮೊದಲು ಹೊರಬಿದ್ದವರು ತಡವಾಗಿ ಸೇರಿದ್ದ ಅದೇ ಹೆಂಗಸರು. ಕಂಪನಿಯಲ್ಲಿ ಹೆಂಗಸರಿದ್ದಾರೆ, ಅವರು ಬಿಳಿಯರು. ಕಪ್ಪು ಜನರಿದ್ದಾರೆ, ಅವರು ಗಂಡಸರು. ಹಾಗಾಗಿ ಜನಾಂಗ ಮತ್ತು ಲಿಂಗ ಎರಡನ್ನೂ ಕೂಡಿಸಿದ ತಾರತಮ್ಯದ ದೂರನ್ನು ನ್ಯಾಯಾಲಯ ಒಪ್ಪಲಿಲ್ಲ.

ಸಮಾಜಶಾಸ್ತ್ರಜ್ಞೆ ಪೆಟ್ರೀಷಿಯಾ ಹಿಲ್ ಕಾಲಿನ್ಸ್ 1990ರ ತಮ್ಮ ಕೃತಿಯಲ್ಲಿ, ಕಪ್ಪು ಹೆಂಗಸರ ಬಗ್ಗೆ ಮತ್ತೆ ಮತ್ತೆ ಬಳಕೆಯಾಗುವ ಅಚ್ಚುಗಳನ್ನು ‘ಹಿಡಿತದ ಚಿತ್ರಗಳು’ ಎಂದು ವಿಶ್ಲೇಷಿಸಿದರು. ಒಡೆಯರ ಮಕ್ಕಳನ್ನು ಸಾಕುವ ದಾದಿ, ಗಂಡಸನ್ನು ಕೆಡಿಸುವ ಚಂಚಲೆ, ಸರ್ಕಾರದ ನೆರವಿನಲ್ಲಿ ಕೂತು ತಿನ್ನುವ ತಾಯಿ ಇಂಥವು. ಹೀಗೆ ಚಿತ್ರಿಸುವುದೇ ಆ ಹೆಂಗಸರನ್ನು ಹದ್ದುಬಸ್ತಿನಲ್ಲಿಡುವ ರಾಜಕೀಯ ಎಂಬುದು ಅವರ ವಾದ. ಬೆಲ್ ಹುಕ್ಸ್ ಸಿನಿಮಾ ನೋಡುವ ಕಪ್ಪು ಹೆಂಗಸಿನ ನೋಟದ ಬಗ್ಗೆ ಬರೆದರು.

ಈ ಚರ್ಚೆಯನ್ನು ರಾಜ್ಯಶಾಸ್ತ್ರದ ನಡುಮನೆಗೆ ತಂದವರು ಕ್ಯಾಥಿ ಕೋಹೆನ್. ಏಡ್ಸ್ ಪಿಡುಗಿನ ಕಾಲದಲ್ಲಿ ಕಪ್ಪು ಸಮುದಾಯದ ನಾಯಕರು, ಸಂಸ್ಥೆಗಳು ಮತ್ತು ಪತ್ರಿಕೆಗಳು ತಮ್ಮವರೇ ಆದ ಸಲಿಂಗಿಗಳನ್ನೂ ಮಾದಕ ವ್ಯಸನಿಗಳನ್ನೂ ಹೇಗೆ ದೂರವಿಟ್ಟವು ಎಂಬುದನ್ನು ಅವರ 1999ರ ಪುಸ್ತಕ ತೆರೆದಿಟ್ಟಿತು. ಅಂಚಿನಲ್ಲಿರುವ ಸಮುದಾಯ ಮರ್ಯಾದೆ ಗಳಿಸುವ ಹಾದಿಯಲ್ಲಿ ತನ್ನೊಳಗಿನ ಕೆಲವರನ್ನು ಇನ್ನೂ ಅಂಚಿಗೆ ತಳ್ಳುತ್ತದೆ ಎಂಬುದು ಅದರ ಮುಖ್ಯ ನಿಲುವು. ಅದಕ್ಕೂ ಮೊದಲು, 1997ರ ಪ್ರಬಂಧವೊಂದರಲ್ಲಿ ಅವರು ಇನ್ನೂ ದಿಟ್ಟವಾದ ಮಾತು ಹೇಳಿದ್ದರು. ಕ್ವಿಯರ್ ರಾಜಕೀಯವೆಂದರೆ ಸಲಿಂಗಿಗಳ ರಾಜಕೀಯ ಮಾತ್ರವಲ್ಲ. ಗಂಡನಿಲ್ಲದೆ ಮಕ್ಕಳನ್ನು ಸಾಕುವ ಬಡ ಕಪ್ಪು ಹೆಂಗಸೂ ಸಮಾಜ ಒಪ್ಪಿದ ಸಂಸಾರದ ಚೌಕಟ್ಟಿನ ಹೊರಗೇ ಇದ್ದಾಳೆ, ಆದ್ದರಿಂದ ಇವರಿಬ್ಬರ ಹೋರಾಟ ಒಂದಾಗಬೇಕು. ಕರ್ನಾಟಕದ ಜೋಗತಿಯರನ್ನು ಅರಿಯಲು ಅಮೆರಿಕದಿಂದ ಬಂದ ಚಿಂತನೆಗಳಲ್ಲಿ ಈ ಪ್ರಬಂಧದಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ.

ದಲಿತ ಮತ್ತು ಕಪ್ಪು ಜನರ ಚಿಂತನೆಯ ನಂಟು ಹಳೆಯದು. ಡಾ. ಬಿ.ಆರ್. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಸಲ್ಲಿಸುವ ನೀಗ್ರೋ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ವಿ.ಟಿ. ರಾಜಶೇಖರ್ 1981ರಿಂದ ಬೆಂಗಳೂರಿನಲ್ಲಿ ನಡೆಸಿದ ‘ದಲಿತ್ ವಾಯ್ಸ್’ ಇಂಗ್ಲಿಷ್ ಪತ್ರಿಕೆ ದಲಿತರನ್ನು ಕಪ್ಪು ಜನರ ಜತೆ ಇಟ್ಟು ನೋಡುವ ವಾದವನ್ನು ಬಿಡದೆ ಮುಂದಿಟ್ಟಿತು. ಈ ನಂಟಿನ ಹೆಚ್ಚಿನ ಭಾಗ ಗಂಡಸರ ನಡುವಿನದಾಗಿತ್ತು ಎಂಬುದನ್ನು ಮರೆಯಬಾರದು. ಆ ಕೊರತೆಯನ್ನು ತುಂಬಲು ಹೊರಟವರಲ್ಲಿ ಬೆಂಗಳೂರಿನ ರೂತ್ ಮನೋರಮಾ ಪ್ರಮುಖರು. ಕೊಳೆಗೇರಿ ಹೆಂಗಸರು, ಮನೆಗೆಲಸದವರ ನಡುವೆ ಕೆಲಸ ಮಾಡಿದ ಅವರ ಮುಂದಾಳತ್ವದಲ್ಲಿ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. 2006ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ರಾಜ್ಯಶಾಸ್ತ್ರಜ್ಞ ಗೋಪಾಲ ಗುರು 1995ರಲ್ಲಿ, ಸಮಾಜಶಾಸ್ತ್ರಜ್ಞೆ ಶರ್ಮಿಳಾ ರೇಗೆ 1998ರಲ್ಲಿ ಬರೆದ ಲೇಖನಗಳು ದಲಿತ ಸ್ತ್ರೀವಾದಕ್ಕೆ ವಿಶ್ವವಿದ್ಯಾಲಯಗಳಲ್ಲಿ ಜಾಗ ಮಾಡಿಕೊಟ್ಟವು.

ಉಚ್ಚಂಗಿದುರ್ಗ ಮತ್ತು ಚಂದ್ರಗುತ್ತಿ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆ, ಬಿಳಿಚೋಡು ಹೋಬಳಿಗಳ ಸೀಮೆಗೆ ಹೊಂದಿಕೊಂಡಿರುವುದು ಹರಪನಹಳ್ಳಿ ತಾಲ್ಲೂಕು. ಅಲ್ಲಿನ ಉಚ್ಚಂಗಿದುರ್ಗದ ಬೆಟ್ಟದ ಮೇಲೆ ಉಚ್ಚಂಗೆಮ್ಮನ ಗುಡಿಯಿದೆ. ಭರತ ಹುಣ್ಣಿಮೆಗೆ ಸುತ್ತಲಿನ ಜಿಲ್ಲೆಗಳ ಜನ ಅಲ್ಲಿ ಸೇರುತ್ತಾರೆ. ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ದೇವದಾಸಿ ಪದ್ಧತಿ ನಡೆದುಬಂದ ಸ್ಥಳಗಳಲ್ಲಿ ಇದೂ ಒಂದು. ಹುಣ್ಣಿಮೆಯ ದಿನ ಪೊಲೀಸರು, ಅಧಿಕಾರಿಗಳು, ಸ್ವಯಂಸೇವಕರು ಅಲ್ಲಿ ಕಾವಲು ನಿಲ್ಲುವುದು ಈ ಕಾರಣಕ್ಕೆ.

ಈ ಗಡಿಗೆ ಒಂದು ಇತಿಹಾಸವಿದೆ. ಜಗಳೂರು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು ಸರ್ಕಾರ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿದರೆ, ಮದ್ರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ಕರ್ನಾಟಕಕ್ಕೆಲ್ಲ ಅನ್ವಯಿಸುವಂತೆ ಬಂದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ವರ್ಷ 1982. ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಮಾಜಿ ದೇವದಾಸಿಯರ ಸಮೀಕ್ಷೆ ಮಾಡಿಸಿತು. ಮಾಸಾಶನ, ಮನೆ, ಸಾಲಗಳ ಯೋಜನೆಗಳು ಈ ಪಟ್ಟಿಗಳನ್ನು ಆಧರಿಸಿಯೇ ನಡೆದವು. ಹಾಗಾಗಿ ಪಟ್ಟಿಯಿಂದ ಬಿಟ್ಟುಹೋದವರಿಗೆ ಹೆಸರು ಸೇರಿಸುವುದೇ ಮೊದಲ ಹೋರಾಟವಾಯಿತು.

ಮಾಧ್ಯಮದ ದೃಷ್ಟಿಯಿಂದ ಹೆಚ್ಚು ಅಧ್ಯಯನಕ್ಕೆ ಯೋಗ್ಯವಾದ ಪ್ರಸಂಗ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯದು. ರೇಣುಕಾಂಬೆಯ ಜಾತ್ರೆಯಲ್ಲಿ ಭಕ್ತರು ವರದಾ ನದಿಯಲ್ಲಿ ಮಿಂದು ಬೆಟ್ಟದ ಗುಡಿಗೆ ಬೆತ್ತಲೆಯಾಗಿ ಹೋಗುವ ಹರಕೆಯಿತ್ತು. ಹರಕೆ ಹೊರುತ್ತಿದ್ದವರಲ್ಲಿ ದಲಿತ ಮತ್ತು ಹಿಂದುಳಿದ ಜಾತಿಯ ಹೆಂಗಸರು ಬಹಳ ಮಂದಿ. ಪತ್ರಿಕೆಗಳು ಈ ಬೆತ್ತಲೆ ಸೇವೆಯ ಫೋಟೋಗಳನ್ನು ಅಚ್ಚು ಹಾಕಿದವು. ನೋಡಲು ಬರುವವರ ಸಂಖ್ಯೆ ಹೆಚ್ಚಾಯಿತು. ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದುಕೊಂಡು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಮತ್ತು ಅವರ ಸಂಗಾತಿಗಳು ಇದು ದಲಿತ ಹೆಂಗಸರ ಮಾನದ ಪ್ರಶ್ನೆ ಎಂದು ಎದ್ದು ನಿಂತರು. 1986ರ ಮಾರ್ಚ್‌ನಲ್ಲಿ ಭಕ್ತರನ್ನು ತಡೆಯಲು, ಮನವೊಲಿಸಲು ಹೋದ ಕಾರ್ಯಕರ್ತರ ಮೇಲೆ ಹಲ್ಲೆ ನಡೆಯಿತು. ಪೊಲೀಸರು, ಮಹಿಳಾ ಪೊಲೀಸರು, ಪತ್ರಕರ್ತರ ಬಟ್ಟೆಗಳನ್ನೂ ಕಿತ್ತು ಮೆರವಣಿಗೆ ಮಾಡಲಾಯಿತು. ಸರ್ಕಾರ ತನಿಖೆ ನಡೆಸಿ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಚಂದ್ರಗುತ್ತಿಯ ಬಗೆಗಿನ ಬರಹಗಳಲ್ಲಿ ಒಂದು ಕಡೆ ವಿಚಾರವಾದ, ಇನ್ನೊಂದು ಕಡೆ ಭಕ್ತಿ ಎಂಬ ಎರಡು ಬಣಗಳು ಎದ್ದು ಕಾಣುತ್ತವೆ. ಹರಕೆ ಹೊತ್ತ ಹೆಂಗಸಿನ ಮಾತು ಎರಡರಲ್ಲೂ ತೀರಾ ಕಡಿಮೆ. ಅವಳ ಫೋಟೋ ಅಚ್ಚಾಯಿತು, ಅವಳ ಪರವಾಗಿಯೂ ವಿರುದ್ಧವಾಗಿಯೂ ಸಂಪಾದಕೀಯಗಳು ಬಂದವು. ಯಾವ ಕಾಯಿಲೆಗೆ, ಯಾವ ಕೂಸಿಗಾಗಿ, ಯಾರ ಒತ್ತಾಯಕ್ಕೆ ಹೊತ್ತ ಹರಕೆ ಎಂದು ಅವಳನ್ನು ಕೂರಿಸಿ ಕೇಳಿದವರು ವಿರಳ. ನಿಷೇಧ ಸರಿಯಾದದ್ದೇ. ಅವಳನ್ನು ಕೇಳದೆ ಬರೆದದ್ದು ಸರಿಯಲ್ಲ.

ಜೋಗತಿ, ಜೋಗಪ್ಪ

ಎಲ್ಲಮ್ಮನಿಗೆ ಬಿಟ್ಟ ಹೆಣ್ಣು ಜೋಗತಿ. ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳೆಂದು ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟವರು ಜೋಗಪ್ಪ. ಇವರನ್ನೂ ಜನ ಜೋಗತಿ, ಜೋಗಮ್ಮ ಎಂದೇ ಕರೆಯುವುದುಂಟು. ಸವದತ್ತಿಯ ಗುಡ್ಡ, ಕೊಪ್ಪಳ ಜಿಲ್ಲೆಯ ಹುಲಿಗಿ, ಉಚ್ಚಂಗಿದುರ್ಗಗಳು ಇವರ ನಡೆದಾಟದ ತಾಣಗಳು. ದೇವಿಯ ಪಡ್ಡಲಗಿ ಹೊತ್ತು, ಚೌಡಿಕೆ ನುಡಿಸಿ, ಹಾಡಿ ಜೋಗ ಬೇಡುವುದು ಇವರ ವೃತ್ತಿ. ಕಂಕುಳಲ್ಲಿ ಇರುಕಿಕೊಂಡು ನುಡಿಸುವ ಚೌಡಿಕೆಗೆ ಒಂದೇ ತಂತಿ, ಅಡಿಗೆ ಚರ್ಮದ ಮುಚ್ಚಳ. ಹಾಡುವವರ ದನಿ ಏರಿದಂತೆ ತಂತಿಯ ಬಿಗಿ ಏರಿಸುತ್ತಾರೆ. ಜೋಗತಿ ನೃತ್ಯದಲ್ಲಿ ದೇವಿಯ ಮೂರ್ತಿಯಿರುವ ಕೊಡ ತಲೆಯ ಮೇಲಿರುತ್ತದೆ. ಕೈ ಬಿಟ್ಟು, ಬಾಗಿ, ಕೂತು, ಎದ್ದು ಕುಣಿದರೂ ಅದು ಬೀಳಕೂಡದು.

1983ರಲ್ಲಿ ನಿಕೊಲಾಸ್ ಬ್ರಾಡ್‌ಫರ್ಡ್ ಎಲ್ಲಮ್ಮನ ಆರಾಧನೆಯಲ್ಲಿನ ಲಿಂಗಾಂತರದ ಬಗ್ಗೆ ಬರೆದ ಪ್ರಬಂಧ ಈ ವಿಷಯದ ಮೊದಲ ಶೈಕ್ಷಣಿಕ ಬರಹಗಳಲ್ಲೊಂದು. ಮಾನವಶಾಸ್ತ್ರಜ್ಞೆ ಲೂಸಿಂಡಾ ರ್‍ಯಾಂಬರ್ಗ್ ಉತ್ತರ ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆಸಿ 2014ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ದಲಿತ ಜೋಗತಿಯರು ದೇವಿಯನ್ನು ಮದುವೆಯಾದವರು. ತವರಿನಲ್ಲೇ ಉಳಿದು ಮಗನ ಜಾಗದಲ್ಲಿ ನಿಂತು ಮನೆ ನಡೆಸುತ್ತಾರೆ, ಆಸ್ತಿಗೆ ಹಕ್ಕುದಾರರಾಗುತ್ತಾರೆ. ಇವರನ್ನು ಬರೀ ಬಲಿಪಶುಗಳೆಂದೋ ಬರೀ ವೇಶ್ಯೆಯರೆಂದೋ ಕಾಣುವ ಸುಧಾರಣೆಯ ಭಾಷೆ ಈ ಬಂಧುತ್ವವನ್ನು ಬಂಧುತ್ವವೆಂದೇ ಒಪ್ಪುವುದಿಲ್ಲ ಎಂದು ರ್‍ಯಾಂಬರ್ಗ್ ತೋರಿಸಿದರು. ದೇವಿ ನೆಲೆಸಿದ್ದಾಳೆಂದು ಬಿಟ್ಟ ಜಡೆಯನ್ನು ಸುಧಾರಕರು ಕತ್ತರಿಸುವ ಸಂದರ್ಭದ ವಿಶ್ಲೇಷಣೆ ಆ ಪುಸ್ತಕದ ಬಲವಾದ ಭಾಗ. ಕೋಹೆನ್ ಹೇಳಿದ ಒಂಟಿ ತಾಯಿಯಂತೆ ಇಲ್ಲಿನ ಜೋಗತಿಯೂ ಸಲಿಂಗಿಯಲ್ಲದೆಯೇ ಒಪ್ಪಿತ ಸಂಸಾರದ ಹೊರಗಿರುವವಳು. ಅವಳ ಪಕ್ಕದಲ್ಲೇ, ಅದೇ ದೇವಿಯ ಹೆಸರಲ್ಲಿ, ಜೋಗಪ್ಪನೂ ನಿಂತಿದ್ದಾನೆ. ಇವರಿಬ್ಬರನ್ನು ಒಟ್ಟಿಗೆ ನೋಡದ ಅಧ್ಯಯನ ಅರ್ಧದ್ದು.

ರ್‍ಯಾಂಬರ್ಗ್ ಅವರ ನಿಲುವನ್ನು ದಲಿತ ಸಂಘಟನೆಗಳ ಅನುಭವದ ಎದುರಿಟ್ಟು ಓದಬೇಕು. ಮುತ್ತು ಕಟ್ಟುವುದು ಕಟ್ಟಿಸಿಕೊಳ್ಳುವ ಹುಡುಗಿಯ ಆಯ್ಕೆಯಲ್ಲ, ಮೇಲ್ಜಾತಿಯ ಗಂಡಸರ ಅನುಕೂಲಕ್ಕಾಗಿ ನಡೆದದ್ದು ಎಂಬ ಆ ಸಂಘಟನೆಗಳ ವಾದಕ್ಕೆ ಹಳ್ಳಿಹಳ್ಳಿಯಲ್ಲಿ ಸಾಕ್ಷಿಯಿದೆ. ಪದ್ಧತಿ ನಿಲ್ಲಲೇಬೇಕು, ಜೋಗತಿಯ ಮಾತಿನ ಅಧಿಕಾರವನ್ನು ಅದರ ಜೊತೆ ಕಿತ್ತುಕೊಳ್ಳಬಾರದು. ಈ ಎರಡನ್ನೂ ಒಟ್ಟಿಗೆ ಹಿಡಿದ ಬರಹ ಇನ್ನೂ ಹೆಚ್ಚಬೇಕಿದೆ.

ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಕಾಳವ್ವ ಜೋಗತಿಯ ತಂಡದಲ್ಲಿ ಪಳಗಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗಾಂತರಿ ಅವರು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಅವರ ಆತ್ಮಕಥನ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯ ದೇಶದ ತುಂಬ ಹರಿದಾಡಿತು. ಸುದ್ದಿವಾಹಿನಿಗಳು ಅದನ್ನು ಅಚ್ಚರಿಯ ವಿಡಿಯೋ ಎಂದು ತೋರಿಸಿದವು. ಜೋಗತಿಗೆ ಅದು ದಿನದ ಕೆಲಸ: ಮನೆಬಾಗಿಲಿಗೆ ಬಂದವಳು ಹರಸಿಯೇ ಹೋಗುತ್ತಾಳೆ. ಊರಿನವರು ನೂರಾರು ವರ್ಷಗಳಿಂದ ಅವಳಿಂದ ಪಡೆದ ಆಶೀರ್ವಾದವನ್ನು ಅಂದು ದೇಶದ ಮೊದಲ ಪ್ರಜೆ ತಲೆಬಾಗಿ ಪಡೆದರು ಎಂದು ಓದಿದರೆ ಆ ದೃಶ್ಯದ ತೂಕ ಗೊತ್ತಾಗುತ್ತದೆ.

ಸಿನಿಮಾ, ಸಾಹಿತ್ಯ, ರಂಗಭೂಮಿ

ಕಾಲಿನ್ಸ್ ಹೇಳಿದ ಹಿಡಿತದ ಚಿತ್ರಗಳು ಕನ್ನಡದಲ್ಲಿ ಹೊಸ ಅಲೆಯ ಸಿನಿಮಾಗಳಲ್ಲೂ ಸಿಗುತ್ತವೆ. ‘ಸಂಸ್ಕಾರ’ದ (1970) ಚಂದ್ರಿ, ‘ಚೋಮನ ದುಡಿ’ಯ (1975) ಬೆಳ್ಳಿ ಇಬ್ಬರೂ ಮರೆಯಲಾಗದ ಪಾತ್ರಗಳು. ಆದರೆ ಚಂದ್ರಿಯ ದೇಹ ಪ್ರಾಣೇಶಾಚಾರ್ಯರ ಧರ್ಮಸಂಕಟಕ್ಕೆ ನೆಪ, ಬೆಳ್ಳಿಯ ದೇಹ ಚೋಮನ ದುರಂತದ ಕೊನೆಯ ಏಟು. ಅವರಿಬ್ಬರಿಗೂ ತಮ್ಮದೇ ಸಂಕಟ ಏನಿತ್ತು ಎಂದು ಕ್ಯಾಮೆರಾ ನಿಂತು ಕೇಳುವ ಹೊತ್ತು ಕಡಿಮೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಈ ಸಾಲಿಗೆ ಸೇರುವವಳಲ್ಲ. ಕಳೆದುಹೋದ ಹುಂಜ ಹುಡುಕುತ್ತ ಊರನ್ನೇ ಜಾಲಾಡುವ ಆ ಮುದುಕಿಯ ಮಾತೇ ಕಥೆಯನ್ನು ನಡೆಸುತ್ತದೆ. ದು. ಸರಸ್ವತಿಯವರು ಬರೆದು ತಾವೇ ಅಭಿನಯಿಸಿದ ‘ಸಣ್ಣತಿಮ್ಮಿ ರಾಮಾಯಣ’ದಲ್ಲಿ ದಲಿತ ಹೆಣ್ಣು ಪಾತ್ರವಾಗಿ ಉಳಿಯದೆ ಕಥೆ ಹೇಳುವವಳೇ ಆದಳು.

ಅದೇ ಸರಸ್ವತಿಯವರು ಎ. ರೇವತಿಯವರ ಆತ್ಮಕಥೆಯನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ರೇವತಿ ತಮಿಳುನಾಡಿನವರು, ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವ ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದವರು. ಹೆಗ್ಗೋಡಿನ ಜನಮನದಾಟ ತಂಡ ಆ ಪುಸ್ತಕವನ್ನು ರಂಗಕ್ಕೆ ತಂದು ಊರೂರು ತಿರುಗಿತು. ಪೌರಕಾರ್ಮಿಕರ ಹೋರಾಟದಲ್ಲಿದ್ದ ದಲಿತ ಲೇಖಕಿಯೊಬ್ಬರು ಹಿಜ್ರಾ ಲೇಖಕಿಯೊಬ್ಬರ ಬದುಕನ್ನು ತಮ್ಮ ನುಡಿಗೆ ತಂದ ಈ ಕೆಲಸ, ಕರ್ನಾಟಕದಲ್ಲಿ ಈ ಎರಡು ಚಳವಳಿಗಳ ನಂಟಿಗೆ ಅತ್ಯುತ್ತಮ ದಾಖಲೆ.

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ (2015) ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದೆ. ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಅದುವರೆಗೆ ನಗೆಹುಟ್ಟಿಸಲಷ್ಟೇ ತೆರೆಗೆ ಬರುತ್ತಿದ್ದ ಪಾತ್ರವನ್ನು ವಿಜಯ್ ಘನತೆಯಿಂದ ನಿಭಾಯಿಸಿದರು. ವಿದ್ಯಾ ದಲಿತೆ. ಲಿಂಗಾಂತರಿಗಳ ಮೇಲಿನ ಅಸಹನೆ ಬ್ರಾಹ್ಮಣ್ಯದ್ದೇ ಒಂದು ರೂಪ ಎಂದು ಬಹಿರಂಗವಾಗಿ ವಾದಿಸಿದವರು. ಸಿನಿಮಾದಲ್ಲಿ ಲಿಂಗದ ಕಥೆ ಮುಂದೆ ಬಂದಷ್ಟು ಜಾತಿಯ ಕಥೆ ಬರಲಿಲ್ಲ. ಲಿಂಗಾಂತರಿ ಕಲಾವಿದರಿಗೇ ಇಂಥ ಪಾತ್ರ ಏಕೆ ಸಿಗಬಾರದು ಎಂಬ ಪ್ರಶ್ನೆಯೂ ನ್ಯಾಯವಾದದ್ದು.

ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಕಥಾಸಂಕಲನ ಸಲಿಂಗಪ್ರೇಮವನ್ನು ಕನ್ನಡದ ಸಾಮಾನ್ಯ ಓದುಗರ ಮನೆಗೆ ತಂದಿತು. ಲಿಂಗಾಂತರಿ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರ ಆತ್ಮಕಥನವೂ ಕನ್ನಡದಲ್ಲಿದೆ.

ಸುದ್ದಿಮನೆ

2001 ಮತ್ತು 2003ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಪ್ರಕಟಿಸಿದ ಎರಡು ವರದಿಗಳು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಪೊಲೀಸ್ ದೌರ್ಜನ್ಯವನ್ನು ದಾಖಲಿಸಿದವು. ಎರಡನೆಯದು ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಯಕರ್ತರದು. ಅಲ್ಲಿಯತನಕ ಪತ್ರಿಕೆಗಳ ಅಪರಾಧ ಪುಟದಲ್ಲಷ್ಟೇ ಕಾಣಿಸುತ್ತಿದ್ದವರು ಈ ವರದಿಗಳಲ್ಲಿ ದೂರುದಾರರಾಗಿ ಮಾತಾಡಿದರು. 2003ರಿಂದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಎಚ್‌ಐವಿ ತಡೆಗೆ ಕರ್ನಾಟಕದಲ್ಲೂ ಹಣ ಹರಿಸಿತು. ಸಮುದಾಯ ಸಂಘಟನೆಗಳು ಬೆಳೆದವು, ಜೊತೆಗೆ ಜನರನ್ನು ರೋಗದ ಅಪಾಯದ ಗುಂಪುಗಳಾಗಿ ವಿಂಗಡಿಸುವ ರೂಢಿಯೂ ಬೆಳೆಯಿತು. ಆ ವಿಂಗಡಣೆಯಲ್ಲಿ ಜಾತಿಗೆ ಕಾಲಂ ಇರಲಿಲ್ಲ.

2011ರಲ್ಲಿ ಹೈದರಾಬಾದಿನ ಟಿವಿ9 ತೆಲುಗು ವಾಹಿನಿ ಸಲಿಂಗಿಗಳ ಖಾಸಗಿ ಸಂಭಾಷಣೆ, ಫೋಟೋಗಳನ್ನು ಬಯಲಿಗಿಟ್ಟು ಕಾರ್ಯಕ್ರಮ ಮಾಡಿದಾಗ, ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ 1 ಲಕ್ಷ ರೂಪಾಯಿ ದಂಡ ಹಾಕಿ ಕ್ಷಮೆ ಕೇಳಿಸಿತು. ಬೆಂಗಳೂರಿನ ರೇಡಿಯೋ ಆಕ್ಟಿವ್ ಸಮುದಾಯ ಬಾನುಲಿ ಲಿಂಗಾಂತರಿಗಳನ್ನೇ ನಿರೂಪಕರನ್ನಾಗಿ ಮೈಕಿನ ಮುಂದೆ ಕೂರಿಸಿತು. ಇದು ದೊಡ್ಡ ವಾಹಿನಿಗಳು ಮಾಡದ ಕೆಲಸ.

ಯಾರು ಬರೆಯುತ್ತಾರೆ ಎಂಬ ಪ್ರಶ್ನೆಗೆ 2019ರಲ್ಲಿ ನ್ಯೂಸ್‌ಲಾಂಡ್ರಿ ಮತ್ತು ಆಕ್ಸ್‌ಫಾಮ್ ಇಂಡಿಯಾ ಒಂದು ಲೆಕ್ಕ ಕೊಟ್ಟವು. ಅವು ಪರಿಶೀಲಿಸಿದ ಇಂಗ್ಲಿಷ್, ಹಿಂದಿ ಮಾಧ್ಯಮಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ.

ಕಾನೂನು

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಲಿಂಗಾಂತರಿಗಳ ಸ್ವಯಂಗುರುತಿನ ಹಕ್ಕನ್ನು ಎತ್ತಿಹಿಡಿದು, ಅವರನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಪರಿಗಣಿಸಿ ಮೀಸಲಾತಿ ನೀಡಲು ಸೂಚಿಸಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ನಾಲ್ಸಾ ತೀರ್ಪಿನ ಮೀಸಲಾತಿ ಸೂಚನೆಯಲ್ಲಿ ಜನರಲ್ ಮೋಟರ್ಸ್ ಪ್ರಕರಣದ್ದೇ ಗಂಟು ಇತ್ತು. ದಲಿತ ಲಿಂಗಾಂತರಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಕೇಳಬೇಕೋ, ಹಿಂದುಳಿದ ವರ್ಗದ್ದನ್ನೋ? ತಮಿಳುನಾಡಿನ ದಲಿತ ಲಿಂಗಾಂತರಿ ಹೋರಾಟಗಾರ್ತಿ ಗ್ರೇಸ್ ಬಾನು ಮತ್ತು ಅವರ ಸಂಗಾತಿಗಳು ಇದಕ್ಕೆ ಉತ್ತರವಾಗಿ, ಪ್ರತಿ ಮೀಸಲಾತಿ ವರ್ಗದ ಒಳಗೂ ಲಿಂಗಾಂತರಿಗಳಿಗೆ ಪಾಲು ಕೊಡುವ ಸಮತಲ ಮೀಸಲಾತಿಯ ಬೇಡಿಕೆ ಇಟ್ಟರು.

ಆ ಬೇಡಿಕೆಯನ್ನು ಮೊದಲು ನಿಯಮ ಮಾಡಿದ ರಾಜ್ಯ ಕರ್ನಾಟಕ. ಪೊಲೀಸ್ ನೇಮಕಾತಿಯಲ್ಲಿ ಗಂಡು, ಹೆಣ್ಣು ಎರಡೇ ಅವಕಾಶವಿದ್ದುದನ್ನು ಪ್ರಶ್ನಿಸಿ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಯಿತು. 2021ರ ಜುಲೈನಲ್ಲಿ ಸರ್ಕಾರ 1977ರ ಸಾಮಾನ್ಯ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರತಿಯೊಂದರ ಒಳಗೂ ಲಿಂಗಾಂತರಿಗಳಿಗೆ ಶೇ 1ರಷ್ಟು ಹುದ್ದೆ ಮೀಸಲಿಟ್ಟಿತು. ಇದರಿಂದ ದಲಿತ ಲಿಂಗಾಂತರಿ ಅಭ್ಯರ್ಥಿ ತನ್ನ ಜಾತಿ, ಲಿಂಗ ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯಬಹುದಾಯಿತು. ಈ ನಿಯಮ ರಾಜ್ಯ ಸರ್ಕಾರದ ಹುದ್ದೆಗಳದು. ಖಾಸಗಿ ಪತ್ರಿಕೆ, ವಾಹಿನಿಗಳ ಸುದ್ದಿಮನೆಗೆ ಅದು ಅನ್ವಯಿಸುವುದಿಲ್ಲ.